"ಮಿತಿಯಲ್ಲಿ ಕುಡಿಯಿರಿ" ಅನ್ನುವ ಜಾಹೀರಾತನ್ನು ಓದುವುದು ಹೇಗೆ? ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕಾಲೇಜುಗಳಲ್ಲಿ ಮತ್ತು ಮಹಿಳಾ ಸಂಘಗಳ ಸಭೆಗಳಲ್ಲಿ ಆರೋಗ್ಯದ ಜಾಹೀರಾತುಗಳನ್ನು ಜನರ ಜೊತೆ ಕೂತು ಓದುತ್ತೇನೆ. ಡೆಂಗಿ, ಲಸಿಕೆ, ಕ್ಷಯದ ಜಾಹೀರಾತು ಹಾಕಿದರೆ ಮಾತು ಬೇಗ ಮುಗಿಯುತ್ತದೆ. ಕುಡಿತದ ಜಾಹೀರಾತು ಹಾಕಿದರೆ ಮುಗಿಯುವುದೇ ಇಲ್ಲ. ಸಭೆಯಲ್ಲಿ ಕೇಳಿದ್ದು, ಪತ್ರದಲ್ಲಿ ಬರೆದದ್ದು, ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳಿದ್ದು ಎಲ್ಲ ಸೇರಿಸಿ ಇಲ್ಲಿ ಇಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ.

ಉತ್ತರಗಳಲ್ಲಿ "ಮಾದರಿ ಜಾಹೀರಾತು" ಅಂತ ಅಲ್ಲಲ್ಲಿ ಬರುತ್ತದೆ. ಅದು ಅಭ್ಯಾಸಕ್ಕಾಗಿ ನಾವೇ ಬರೆದುಕೊಂಡದ್ದು. ಯಾವ ಇಲಾಖೆಯದೂ ಅಲ್ಲ, ಯಾವ ಕಂಪನಿಯದೂ ಅಲ್ಲ. ಅದು ಹೀಗಿದೆ: ರಾತ್ರಿ. ಮಹಡಿ ಮೇಲೆ ನಾಲ್ವರು ಗೆಳೆಯರ ಪಾರ್ಟಿ. ಎಲ್ಲರ ಕೈಯಲ್ಲೂ ಗ್ಲಾಸು, ಎಲ್ಲರ ಮುಖದಲ್ಲೂ ನಗು. ಒಬ್ಬ ಹೊರಡಲು ಕಾರಿನ ಕೀ ತೆಗೆಯುತ್ತಾನೆ. ಇನ್ನೊಬ್ಬ ಅದನ್ನು ಇಸಿದುಕೊಂಡು ಮೊಬೈಲಿನಲ್ಲಿ ಕ್ಯಾಬ್ ಕರೆಯುತ್ತಾನೆ. ಕೊನೆಗೆ ತೆರೆಯ ಮೇಲೆ ಅಕ್ಷರ: "ಮಿತಿಯಲ್ಲಿ ಕುಡಿಯಿರಿ, ಜವಾಬ್ದಾರಿಯಿಂದ ಮನೆ ಸೇರಿರಿ." ಒಟ್ಟು 30 ಸೆಕೆಂಡು.

## ಶುರುವಿನ ಪ್ರಶ್ನೆಗಳು

ಜಾಹೀರಾತು ನೋಡೋದು ಗೊತ್ತು. ವಿಶ್ಲೇಷಣೆ ಅಂದ್ರೆ ಏನ್ ಮಾಡ್ಬೇಕ್ರಿ ಮೇಡಂ?

ಎರಡು ಸಲ ನೋಡಿ. ಮೊದಲನೇ ಸಲ ಎಲ್ಲರ ಹಾಗೆ. ಎರಡನೇ ಸಲ ಧ್ವನಿ ಪೂರ್ತಿ ಕಡಿಮೆ ಮಾಡಿ, ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆದುಕೊಳ್ಳಿ. ಯಾವ ಹೊತ್ತು, ಎಂಥ ಮನೆ, ಯಾವ ಬಟ್ಟೆ, ಯಾರ ಮುಖ ಹತ್ತಿರದಿಂದ ತೋರಿಸಿದ್ದಾರೆ, ಎಷ್ಟು ಹೊತ್ತು ತೋರಿಸಿದ್ದಾರೆ.

ಮಾದರಿ ಜಾಹೀರಾತನ್ನು ಹೀಗೆ ನೋಡಿದರೆ ಒಂದು ವಿಷಯ ತಕ್ಷಣ ಗೊತ್ತಾಗುತ್ತದೆ. ಹೆಚ್ಚಿನ ಹೊತ್ತು ತೆರೆಯ ಮೇಲಿರುವುದು ಖುಷಿಯಾಗಿ ಕುಡಿಯುತ್ತಿರುವ ಜನ. ಎಚ್ಚರಿಕೆ ಬರುವುದು ಕೊನೆಯ ಎರಡು ಮೂರು ಸೆಕೆಂಡು. ಅಲ್ಲಿಗೆ ಪಾರ್ಟಿ ಆಗಲೇ ಮನಸ್ಸಿನಲ್ಲಿ ಕೂತಿರುತ್ತದೆ.

ಆಮೇಲೆ ಕೆಲವು ಪ್ರಶ್ನೆ ಕೇಳಿಕೊಳ್ಳಿ. ದುಡ್ಡು ಹಾಕಿದವರು ಯಾರು? ಇದು ಯಾರ ಜೊತೆ ಮಾತಾಡುತ್ತಿದೆ? ನೋಡಿದವರು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುತ್ತಿದೆ? ಯಾರನ್ನು ತೋರಿಸಿಲ್ಲ? ಇವಕ್ಕೆ ಒಂದೊಂದು ಸಾಲು ಉತ್ತರ ಬರೆದರೂ ಒಳ್ಳೆಯ ವಿಶ್ಲೇಷಣೆ ಆಗುತ್ತದೆ. ಚೆನ್ನಾಗಿದೆಯಾ ಇಲ್ಲವಾ ಅನ್ನುವ ತೀರ್ಮಾನ ಆಮೇಲಿನ ಮಾತು.

ಇದು ಕುಡೀರಿ ಅಂತ ಹೇಳಾಕತ್ತೈತೋ, ಬ್ಯಾಡ ಅಂತ ಹೇಳಾಕತ್ತೈತೋ? ನನಗ ತಿಳೀವಲ್ದು.

ನಿಮ್ಮ ಗೊಂದಲ ನ್ಯಾಯವಾದದ್ದು. ಕುಡಿತದ ಬಗ್ಗೆ ಬರುವ ಜಾಹೀರಾತುಗಳಲ್ಲಿ ಮೂರು ಬಗೆ ಇವೆ. ಕುಡಿಯಲೇಬೇಡಿ ಅನ್ನುವುದು ಒಂದು. ಕುಡಿದು ಗಾಡಿ ಓಡಿಸಬೇಡಿ, ಗರ್ಭಿಣಿಯರು ಕುಡಿಯಬೇಡಿ ಅಂತ ಒಂದು ಸಂದರ್ಭ ಹಿಡಿದು ಹೇಳುವುದು ಇನ್ನೊಂದು. ಕುಡಿಯಿರಿ, ಆದರೆ ಹದದಲ್ಲಿ ಅನ್ನುವುದು ಮೂರನೆಯದು. "ಜವಾಬ್ದಾರಿಯಿಂದ ಕುಡಿಯಿರಿ" ಅನ್ನುವುದು ಈ ಮೂರನೆಯದರಲ್ಲಿ ಬರುತ್ತದೆ.

ಈ ಮೂರನೆಯ ಬಗೆ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡು ಮಾತು ಶುರು ಮಾಡುತ್ತದೆ: ನೀವು ಕುಡಿಯುವವರು ಅಂತ. ಆದರೆ ನಮ್ಮ ದೇಶದಲ್ಲಿ ಹೆಚ್ಚಿನ ಜನ ಕುಡಿಯುವುದೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದವರಲ್ಲಿ ಕುಡಿಯುವ ಗಂಡಸರು ನೂರಕ್ಕೆ ಸುಮಾರು 19. ಹೆಂಗಸರು ನೂರಕ್ಕೆ ಸುಮಾರು ಒಬ್ಬರು. ನಾಲ್ವರು ಗೆಳೆಯರಲ್ಲಿ ನಾಲ್ವರ ಕೈಯಲ್ಲೂ ಗ್ಲಾಸು ಕೊಟ್ಟರೆ, ನೋಡುವ ಹದಿನೇಳರ ಹುಡುಗ ಎಲ್ಲರೂ ಕುಡಿಯುತ್ತಾರೆ ಅಂತ ನಂಬುತ್ತಾನೆ. ನಾನೊಬ್ಬನೇ ಹೊರಗಿದ್ದೇನೆ ಅನ್ನಿಸುತ್ತದೆ. ಆರೋಗ್ಯದ ಜಾಹೀರಾತು ಈ ಕೆಲಸ ಮಾಡಬಾರದು.

ಹೆಂಡದ ಜಾಹೀರಾತು ಟಿವಿಯಲ್ಲಿ ಬರೋ ಹಾಗಿಲ್ಲ ಅಲ್ವಾ? ಮತ್ತೆ ಕ್ರಿಕೆಟ್ ಮಧ್ಯೆ ಆ ಸೋಡಾ ಜಾಹೀರಾತು ಹೇಗೆ ಬರುತ್ತೆ?

ಬರುವ ಹಾಗಿಲ್ಲ, ನಿಜ. ಕೇಬಲ್ ಟೆಲಿವಿಷನ್ ಜಾಲ ನಿಯಮಗಳು, 1994ರ ಪ್ರಕಾರ ಮದ್ಯವನ್ನು ನೇರವಾಗಲಿ ಸುತ್ತಿ ಬಳಸಿಯಾಗಲಿ ಪ್ರಚಾರ ಮಾಡುವಂತಿಲ್ಲ. ಅದಕ್ಕೆ ಕಂಪನಿಗಳು ಅದೇ ಹೆಸರಿನಲ್ಲಿ ಸೋಡಾ, ನೀರಿನ ಬಾಟಲಿ, ಮ್ಯೂಸಿಕ್ ಸಿಡಿ ಅಂತ ಮಾಡಿ ಅವುಗಳ ಜಾಹೀರಾತು ಕೊಡುತ್ತಾ ಬಂದವು. ನೋಡುವವರ ತಲೆಯಲ್ಲಿ ಉಳಿಯುವುದು ಬಾಟಲಿಯ ಹೆಸರು. ಇಂಥ ಮರೆಮಾಚಿದ ಜಾಹೀರಾತುಗಳಿಗೆ 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ ನಿಷೇಧ ಹಾಕಿತು.

ಕಂಪನಿಯ ಹೆಸರು ಅಥವಾ ಗುರುತು ಇರುವ "ಜವಾಬ್ದಾರಿ" ಜಾಹೀರಾತನ್ನೂ ಇದೇ ಕಣ್ಣಿನಿಂದ ನೋಡಿ. ಬುದ್ಧಿಮಾತಿನ ಪಕ್ಕದಲ್ಲಿ ಹೆಸರು ಕಾಣಿಸುತ್ತಿದೆ ಅಂದರೆ ಹೆಸರಿಗೂ ಪ್ರಚಾರ ಸಿಕ್ಕಿತು ಅಂತಲೇ ಲೆಕ್ಕ.

ಬಾಟಲಿ ಮೇಲೇ ಎಚ್ಚರಿಕೆ ಇರುತ್ತಲ್ಲ, ಅದು ಸಾಲದಾ?

2019ರ ಏಪ್ರಿಲ್ 1ರಿಂದ ಎಲ್ಲ ಮದ್ಯದ ಬಾಟಲಿಗಳ ಮೇಲೂ ಎಚ್ಚರಿಕೆ ಕಡ್ಡಾಯ. ಮದ್ಯಪಾನ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಅನ್ನುವುದು ಅದರ ಸಾರ. ಇದು ಬೇಕೇ ಬೇಕು. ಆದರೆ ಒಂದು ರೋಗದ ಹೆಸರೂ ಅದರಲ್ಲಿಲ್ಲ. ಮದ್ಯ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದ್ದು 1988ರಲ್ಲಿ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಲಿವರ್, ದೊಡ್ಡ ಕರುಳು, ಹೆಂಗಸರ ಸ್ತನ — ಇಷ್ಟು ಕಡೆ ಕ್ಯಾನ್ಸರಿಗೂ ಕುಡಿತಕ್ಕೂ ನಂಟಿದೆ. ಸಭೆಯಲ್ಲಿ ಲಿವರ್ ಅಂತ ಎಲ್ಲರೂ ಹೇಳುತ್ತಾರೆ. ಸ್ತನ ಕ್ಯಾನ್ಸರ್ ಅಂದಾಗ ಸುಮ್ಮನಾಗುತ್ತಾರೆ, ಯಾಕೆಂದರೆ ಯಾರೂ ಹೇಳಿರುವುದಿಲ್ಲ.

## ಲೆಕ್ಕದ ಪ್ರಶ್ನೆಗಳು

ಮಿತಿ ಮಿತಿ ಅಂತಾರೆ. ಎಷ್ಟು ಪೆಗ್ ಅಂತ ಯಾಕೆ ಹೇಳಲ್ಲ?

ನನ್ನ ಮಟ್ಟಿಗೆ ಈ ಪುಟದ ಅತಿ ಮುಖ್ಯ ಪ್ರಶ್ನೆ ಇದು. ಮಾದರಿ ಜಾಹೀರಾತಿನಲ್ಲಿ ಒಂದೂ ಅಂಕಿ ಇಲ್ಲ. ಅಂಕಿ ಇಲ್ಲದ ಮಿತಿಯನ್ನು ಪ್ರತಿಯೊಬ್ಬರೂ ತಮ್ಮ ಅಳತೆಗೆ ಹೊಲಿಸಿಕೊಳ್ಳುತ್ತಾರೆ. ದಿನಾ ಒಂದು ಕ್ವಾರ್ಟರ್ ಹಾಕುವವನೂ "ನಾನು ಮಿತಿಯಲ್ಲೇ ಇದ್ದೀನಿ, ಅವನನ್ನ ನೋಡಿ" ಅಂತ ಪಕ್ಕದವನನ್ನು ತೋರಿಸುತ್ತಾನೆ.

ಲೆಕ್ಕ ಮಾಡೋಣ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂಡಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಆಲ್ಕೋಹಾಲ್. 30 ಎಂಎಲ್‌ನ ಒಂದು ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ವೈದ್ಯರು ಒಂದು ಅಳತೆ ಅನ್ನುವುದು ಇದನ್ನೇ. ಹಾಗಾದರೆ ನೈಂಟಿ ಪ್ಯಾಕೆಟ್, ಅಂದರೆ 90 ಎಂಎಲ್, ಮೂರು ಅಳತೆ. 180 ಎಂಎಲ್ ಕ್ವಾರ್ಟರ್ ಆರು ಅಳತೆ, ಸುಮಾರು 60 ಗ್ರಾಂ. ಒಂದು ಕ್ವಾರ್ಟರ್ ಅಂದರೆ ಬಾಯಿಗೆ ಒಂದೇ, ಮೈಗೆ ಆರು.

ಇನ್ನು ಎಷ್ಟು ಸುರಕ್ಷಿತ? 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತು: ಆರೋಗ್ಯಕ್ಕೆ ಸುರಕ್ಷಿತ ಅನ್ನಬಹುದಾದ ಪ್ರಮಾಣ ಯಾವುದೂ ಇಲ್ಲ. ಕಡಿಮೆ ಕುಡಿದರೆ ಅಪಾಯ ಕಡಿಮೆ, ಅಷ್ಟೇ. ಬೇರೆ ದೇಶಗಳು ಕೊಟ್ಟ ಅಂಕಿಗಳೂ ಒಂದೇ ಥರ ಇಲ್ಲ. ಒಂದು ಅಳತೆ ಅಂದರೆ ಬ್ರಿಟನ್‌ನಲ್ಲಿ 8 ಗ್ರಾಂ, ಆಸ್ಟ್ರೇಲಿಯಾದಲ್ಲಿ 10, ಅಮೆರಿಕದಲ್ಲಿ 14. ಹಾಗಾಗಿ ಎಲ್ಲೋ ಓದಿದ "ದಿನಕ್ಕೆ ಎರಡು ಓಕೆ" ಅನ್ನುವ ಮಾತನ್ನು ಇಲ್ಲಿಗೆ ತಂದು ಹಾಕಬೇಡಿ. ಅವರ ಎರಡು ಬೇರೆ, ನಮ್ಮ ಎರಡು ಬೇರೆ.

ಜಾಹೀರಾತು ಇಷ್ಟೆಲ್ಲ ಹೇಳಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೆ "ಒಂದು ಕ್ವಾರ್ಟರ್ ಅಂದರೆ ಆರು ಪೆಗ್" ಅನ್ನಲು ಮೂರು ಸೆಕೆಂಡು ಸಾಕು.

ಬಿಯರ್ ಲೈಟ್ ಅಲ್ವಾ? ನಮ್ಮ ರಾಯಚೂರು ಬಿಸಿಲಿಗೆ ತಂಪು ಅಂತಾನೂ ಹೇಳ್ತಾರೆ.

ಎರಡೂ ತಪ್ಪು. 650 ಎಂಎಲ್‌ನ ಸ್ಟ್ರಾಂಗ್ ಬಿಯರ್ ನೂರಕ್ಕೆ 8ರಷ್ಟು ಇದ್ದರೆ ಅದರಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್. ನಾಲ್ಕು ಸಣ್ಣ ಪೆಗ್‌ಗೆ ಸಮ. ತಂಪಿನ ಮಾತು ಇನ್ನೂ ಅಪಾಯ. ಆಲ್ಕೋಹಾಲ್ ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರನ್ನು ಹೊರಗೆ ಹಾಕುತ್ತದೆ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ದುಡಿದು ಬಂದವನಿಗೆ ಬೇಕಾದದ್ದು ನೀರು, ಮಜ್ಜಿಗೆ. ಬೇಸಿಗೆಯಲ್ಲಿ ನಮ್ಮ ಭಾಗಕ್ಕೆ ಅಂತಲೇ ಒಂದು ಜಾಹೀರಾತು ಬರಬೇಕಾದರೆ ಈ ವಿಷಯದ ಮೇಲೆ ಬರಬೇಕು.

ಒಂದು ಪೆಗ್ ಹಾಕಿ ಬೈಕ್ ಓಡಿಸಿದ್ರೂ ಕೇಸ್ ಆಗುತ್ತಾ?

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕರೆ 15,000 ರೂಪಾಯಿ ದಂಡ, ಅಥವಾ 2 ವರ್ಷದವರೆಗೆ ಜೈಲು, ಅಥವಾ ಎರಡೂ.

ಎಷ್ಟು ಪೆಗ್‌ಗೆ 30 ಆಗುತ್ತದೆ ಅಂತ ಕೇಳಬೇಡಿ. ಮೈತೂಕ, ಊಟ, ಗಂಡಸೋ ಹೆಂಗಸೋ, ಎಷ್ಟು ಬೇಗ ಕುಡಿದರು, ಇದರ ಮೇಲೆ ಬದಲಾಗುತ್ತದೆ. 30 ಮುಟ್ಟುವ ಮುಂಚೆಯೇ ಕೈ ಕಾಲಿನ ಚುರುಕು ಕಡಿಮೆ ಆಗಿರುತ್ತದೆ.

ಇದರಲ್ಲಿ ಜಾಹೀರಾತುಗಳು ಬಿಟ್ಟುಬಿಡುವ ಒಂದು ವಿಷಯ ಇದೆ. ಅವುಗಳಲ್ಲಿ ಕುಡಿದು ಓಡಿಸುವುದು ಯಾವಾಗಲೂ ರಾತ್ರಿ. ಲಿವರ್ ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಸಣ್ಣ ಪೆಗ್‌ನಷ್ಟನ್ನು ಮಾತ್ರ ಕರಗಿಸುತ್ತದೆ. ನಿಂಬೆಹಣ್ಣು, ಕಾಫಿ, ತಣ್ಣೀರು ಸ್ನಾನ ಯಾವುದೂ ಆ ವೇಗ ಹೆಚ್ಚಿಸುವುದಿಲ್ಲ. ರಾತ್ರಿ 12ಕ್ಕೆ ಒಂದೂವರೆ ಕ್ವಾರ್ಟರ್ ಮುಗಿಸಿ ಮಲಗಿದವನ ರಕ್ತದಲ್ಲಿ ಬೆಳಿಗ್ಗೆ 6ಕ್ಕೂ ಆಲ್ಕೋಹಾಲ್ ಇರುತ್ತದೆ. ಸಂಡೂರಿನ ಕಡೆ ಅದಿರು ಹೊರುವ ಟಿಪ್ಪರ್ ಹತ್ತುವವನಿಗೆ, ಶಾಲೆ ಮಕ್ಕಳನ್ನು ಟಂಟಂನಲ್ಲಿ ಕೂರಿಸಿಕೊಂಡು ಹೋಗುವವನಿಗೆ ಈ ಮಾತು ಯಾರೂ ಹೇಳಿಲ್ಲ. ರಾತ್ರಿಯ ತಪಾಸಣೆ ದಾಟಿದರೆ ಆಯಿತು ಅಂದುಕೊಂಡಿರುತ್ತಾನೆ.

## ಚಿತ್ರದ ಒಳಗೆ, ಚಿತ್ರದ ಹೊರಗೆ

ಆ ಹುಡುಗರು ನಮ್ಮೂರಿನವರ ಹಾಗೆ ಕಾಣೋದೇ ಇಲ್ಲ. ಅದೇನು ದೊಡ್ಡ ವಿಷಯಾನಾ?

ತುಂಬಾ ದೊಡ್ಡ ವಿಷಯ. ಮಾದರಿ ಜಾಹೀರಾತಿನ ಪರಿಹಾರ ಏನು? ಕ್ಯಾಬ್ ಕರೆಯುವುದು. ರಾತ್ರಿ 11ಕ್ಕೆ ಲಿಂಗಸೂಗೂರಿನ ಒಂದು ಹಳ್ಳಿಯಲ್ಲಿ, ಕುಷ್ಟಗಿ ಕಡೆಯ ಒಂದು ಕ್ರಾಸಿನಲ್ಲಿ ಕ್ಯಾಬ್ ಎಲ್ಲಿಂದ ಬರಬೇಕು? ಬೈಕ್ ಒಂದೇ ಗತಿ. ಮಾಡಲಾಗದ ಸಲಹೆ ಕೊಟ್ಟರೆ ಜನ ಇಡೀ ಜಾಹೀರಾತನ್ನೇ ಬದಿಗೆ ಸರಿಸುತ್ತಾರೆ, ಇದು ನಮಗಲ್ಲ ಅಂತ.

ಕುಡಿತದ ಜಾಗವೂ ಬೇರೆ. ನಮ್ಮಲ್ಲಿ ಮಹಡಿ ಪಾರ್ಟಿಗಿಂತ ಬಟವಾಡೆ ದಿನದ ಸಂಜೆ, ಸಂತೆ ದಿನ, ಎಪಿಎಂಸಿಯಲ್ಲಿ ಹಮಾಲಿ ಕೆಲಸ ಮುಗಿದ ಹೊತ್ತು ಮುಖ್ಯ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಕೊಯ್ಲು ಮುಗಿದಾಗ ಕೈಗೆ ಒಟ್ಟಿಗೆ ದುಡ್ಡು ಬರುತ್ತದೆ. ಗುಳೆ ಹೋದವರಿಗೆ ಬೆಂಗಳೂರಿನ ಶೆಡ್ಡಿನಲ್ಲಿ ಸಂಜೆ ಹೋಗಲು ಬೇರೆ ಜಾಗವೇ ಇರುವುದಿಲ್ಲ. ಕೆಲವು ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯಲ್ಲೇ ಕದ್ದು ಪ್ಯಾಕೆಟ್ ಮಾರುತ್ತಾರೆ. ಇವು ಒಂದೂ ಜಾಹೀರಾತಿನಲ್ಲಿ ಕಾಣುವುದಿಲ್ಲ. ಕಂಡಿದ್ದರೆ ಸಲಹೆಯೂ ಬದಲಾಗುತ್ತಿತ್ತು: ಬಟವಾಡೆ ಹಣ ಮನೆಯವಳ ಖಾತೆಗೆ ಹಾಕಿಸಿ, ಬೈಕ್ ಮೇಸ್ತ್ರಿ ಮನೆಯಲ್ಲೇ ಬಿಡಿ, ಕುಡಿಯದ ಒಬ್ಬನ ಹಿಂದೆ ಕೂತು ಬನ್ನಿ.

ನನ್ನ ಗಂಡ ಕುಡೀತಾನ. ಈ ಜಾಹೀರಾತಿನ್ಯಾಗ ನಾನು ಎಲ್ಲಿ ಅದೀನಿ?

ಇಲ್ಲ ಅಕ್ಕ. ನೀವು ಅದರಲ್ಲಿ ಇಲ್ಲ. "ಜವಾಬ್ದಾರಿಯಿಂದ ಮನೆ ಸೇರಿರಿ" ಅಂತ ಅಕ್ಷರ ಬಂದ ಕೂಡಲೇ ಜಾಹೀರಾತು ಮುಗಿಯುತ್ತದೆ. ಅವನು ಮನೆ ಸೇರಿದ ಮೇಲೆ ಏನಾಗುತ್ತದೆ ಅನ್ನುವುದು ನಿಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ. ಕ್ಯಾಬಿನಲ್ಲಿ ಸುರಕ್ಷಿತವಾಗಿ ಬಂದವನೂ ಮನೆಯಲ್ಲಿ ಹೊಡೆಯಬಹುದು. ರೇಷನ್ ದುಡ್ಡು ಖಾಲಿ ಮಾಡಿ ಬಂದಿರಬಹುದು. ಅಪಘಾತ ಆಗದಿದ್ದರೆ ಜವಾಬ್ದಾರಿ ಮುಗಿಯಿತು ಅನ್ನುವ ಲೆಕ್ಕ ರಸ್ತೆಯದು, ಮನೆಯದಲ್ಲ.

ಹೆಂಗಸರನ್ನು ತೋರಿಸುವ ಜಾಹೀರಾತುಗಳೂ ಇವೆ. ಅಲ್ಲಿ ಹೆಂಡತಿ ಬಾಗಿಲಲ್ಲಿ ಕಾಯುತ್ತಾಳೆ, ತಾಯಿ ಅಳುತ್ತಾಳೆ, ಮಗಳು "ಅಪ್ಪಾ ಕುಡೀಬೇಡ" ಅನ್ನುತ್ತಾಳೆ. ನೋಡುವವರ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಅವನನ್ನು ಬಿಡಿಸುವ ಕೆಲಸವನ್ನು ಹೆಂಡತಿ ಮಕ್ಕಳ ಹೆಗಲಿಗೆ ಹಾಕಿದ್ದಾರೆ ಅನ್ನುವುದನ್ನು ಗಮನಿಸಿ. ಎಂಟು ವರ್ಷದ ಮಗು ಹೇಳಿದರೂ ಅಪ್ಪ ಬಿಡದೇ ಹೋದರೆ, ಆ ಮಗು ತನ್ನದೇ ತಪ್ಪು ಅಂದುಕೊಳ್ಳುತ್ತದೆ. ಇದು ನನಗೆ ಬಹಳ ನೋವು ಕೊಡುವ ವಿಷಯ.

ನಿಮಗಾಗಿ ಇರುವ ಮಾಹಿತಿ ಬೇರೆ. ಕುಡಿದಿದ್ದ ಅನ್ನುವುದು ಹೊಡೆತಕ್ಕೆ ಕಾನೂನಿನಲ್ಲಿ ಕ್ಷಮೆ ಅಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆ 2005ರಿಂದ ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಜಿಲ್ಲಾ ಕೇಂದ್ರದಲ್ಲಿ ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ ಇದೆ. ಇನ್ನೊಂದು ಮಾತು: ಗಂಡನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ, ಮಾತ್ರೆ ಅಂತ ಮಾರುತ್ತಾರಲ್ಲ, ಅದನ್ನು ಹಾಕಬೇಡಿ. ಅಂಥ ಕೆಲವು ಔಷಧಿ ಮೈಯಲ್ಲಿರುವಾಗ ಕುಡಿದರೆ ಜೀವಕ್ಕೇ ಅಪಾಯ ಆಗಬಹುದು.

ಹೆದರಿಸೋ ಚಿತ್ರ ಹಾಕಿದ್ರೆ ಜನ ಬಿಡ್ತಾರಾ? ಕೊಳೆತ ಲಿವರ್, ತಲೆಬುರುಡೆ, ಅಂಥದ್ದು?

ಹೆದರಿಕೆ ಅರ್ಧ ಕೆಲಸ ಮಾಡುತ್ತದೆ. ಇದರ ಬಗ್ಗೆ ಕಿಮ್ ವಿಟ್ಟೆ ಎಂಬ ಸಂಶೋಧಕಿ 1992ರಲ್ಲಿ ಒಂದು ವಿವರಣೆ ಕೊಟ್ಟರು. ಅಪಾಯ ದೊಡ್ಡದು ಅಂತಲೂ ಅನ್ನಿಸಬೇಕು, ತಪ್ಪಿಸಿಕೊಳ್ಳುವುದು ನನ್ನ ಕೈಯಲ್ಲಿ ಆಗುತ್ತದೆ ಅಂತಲೂ ಅನ್ನಿಸಬೇಕು. ಮೊದಲನೆಯದು ಮಾತ್ರ ಇದ್ದು ಎರಡನೆಯದು ಇಲ್ಲದಿದ್ದರೆ ಮನುಷ್ಯ ತನ್ನ ಹೆದರಿಕೆಯನ್ನು ಕಡಿಮೆ ಮಾಡಿಕೊಳ್ಳುತ್ತಾನೆ, ಅಪಾಯವನ್ನಲ್ಲ. ಮುಖ ತಿರುಗಿಸುತ್ತಾನೆ. "ನಮ್ಮಜ್ಜ ದಿನಾ ಕುಡಿದೂ 80 ಬದುಕಿದ್ದ" ಅನ್ನುತ್ತಾನೆ.

ಹಾಗಾಗಿ ಲಿವರ್ ಚಿತ್ರ ಹಾಕಿದರೆ ಅದರ ಕೆಳಗೇ ಎಲ್ಲಿಗೆ ಹೋಗಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಇರಬೇಕು. ಇಲ್ಲದಿದ್ದರೆ ಸುಮ್ನೆ ಹೆದರಿಸಿದ ಹಾಗೆ.

ಸಿನಿಮಾ ನಟರು, ಸ್ವಾಮೀಜಿಗಳು ಹೇಳಿದ್ರೆ ಜಾಸ್ತಿ ಕೇಳ್ತಾರಲ್ವಾ?

ಗಮನ ಸಿಗುತ್ತದೆ. ಅದರಿಂದಲೇ ಯಾರೂ ಬಿಡುವುದಿಲ್ಲ. ಕುಡಿಯುವವರಿಗೆ ನಾಟುವುದು ಕುಡಿದು, ಬಿಟ್ಟು, ಮತ್ತೆ ಜಾರಿ, ಮತ್ತೆ ಎದ್ದವನ ಮಾತು. ಅದೂ ತಮ್ಮ ಓಣಿಯವನದಾದರೆ ಇನ್ನೂ ಒಳ್ಳೆಯದು.

## ಇನ್ನಷ್ಟು ಆಳದ ಪ್ರಶ್ನೆಗಳು

ಕುಡಿಯೋನು ಅವನೇ, ಜವಾಬ್ದಾರಿನೂ ಅವನದೇ ತಾನೆ? ಕಂಪನಿಯನ್ನ ಯಾಕೆ ಬೈತೀರಿ?

ಕುಡಿಯುವವನ ಪಾಲು ಇದೆ, ಇಲ್ಲ ಅನ್ನುವುದಿಲ್ಲ. ಕೈ ಎತ್ತಿದವನೂ, ಗಾಡಿ ಓಡಿಸಿದವನೂ ಉತ್ತರ ಕೊಡಬೇಕು. ಆದರೆ ಜಾಹೀರಾತು ಓದುವಾಗ ಈ ಮಾತನ್ನು ಹೇಳುತ್ತಿರುವವರು ಯಾರು ಅಂತ ನೋಡಲೇಬೇಕು.

ಅಮೆರಿಕದ ಪತ್ರಿಕೆಗಳಲ್ಲಿ ಬಂದ ಮದ್ಯದ ಜಾಹೀರಾತುಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಜಾಹೀರಾತುಗಳಲ್ಲಿ ಜವಾಬ್ದಾರಿಯ ಸಂದೇಶ ಇತ್ತು. ಜವಾಬ್ದಾರಿಯಿಂದ ಕುಡಿಯುವುದು ಅಂದರೆ ಏನು ಅಂತ ಒಂದರಲ್ಲೂ ವಿವರಿಸಿರಲಿಲ್ಲ. ಇಂಗ್ಲೆಂಡಿನಲ್ಲಿ 2018ರ ಇನ್ನೊಂದು ಅಧ್ಯಯನ ನೋಡಿ. ಅಲ್ಲಿ ಮದ್ಯ ಮಾರಾಟದಿಂದ ಬರುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 68 ರೂಪಾಯಿ ಸರ್ಕಾರ ಹೇಳಿದ ಮಿತಿ ದಾಟಿ ಕುಡಿಯುವವರಿಂದಲೇ ಬರುತ್ತಿತ್ತು.

ಈಗ ಎರಡನ್ನೂ ಕೂಡಿಸಿ ನೋಡಿ. ಎಲ್ಲರೂ ನಿಜವಾಗಿ ಮಿತಿಯಲ್ಲಿ ಕುಡಿದರೆ ಅಲ್ಲಿನ ವ್ಯಾಪಾರದ ಹಣ ನೂರಕ್ಕೆ ಸುಮಾರು 38ರಷ್ಟು ಕಡಿಮೆಯಾಗುತ್ತದೆ ಅನ್ನುವುದು ಅದೇ ಅಧ್ಯಯನದ ಲೆಕ್ಕ. ಅಂಥ ವ್ಯಾಪಾರಿ "ಮಿತಿ" ಅನ್ನುವಾಗ ಅಂಕಿ ಹೇಳದೆ ಬಿಡುವುದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ತಪ್ಪಾದರೆ ಕುಡಿದವನ ಮೇಲೆ ಹಾಕಬಹುದು, ಹೆಸರೂ ಒಳ್ಳೆಯದಾಗುತ್ತದೆ. ಸರ್ಕಾರದ ಆರೋಗ್ಯ ಜಾಹೀರಾತು ಇದೇ ಮಾತನ್ನು ಎತ್ತಿಕೊಂಡು ಹೇಳಿದಾಗ ನನಗೆ ಬೇಸರ ಆಗುತ್ತದೆ.

ಸರ್ಕಾರ ಒಂದು ಕಡೆ ಲೈಸೆನ್ಸ್ ಕೊಡುತ್ತೆ, ಇನ್ನೊಂದು ಕಡೆ ಕುಡೀಬೇಡಿ ಅನ್ನುತ್ತೆ. ನಂಬೋದು ಹೆಂಗ್ರಿ?

ಈ ಪ್ರಶ್ನೆ ಬಂದರೆ ರಾಯಚೂರಿನ ಸಭೆಗಳಲ್ಲಿ ದನಿ ಏರುತ್ತದೆ. ಏರಬೇಕಾದದ್ದೇ.

ಸಂವಿಧಾನದ 47ನೇ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕು ಅನ್ನುತ್ತದೆ. ಕರ್ನಾಟಕದಲ್ಲಿ ಮದ್ಯಪಾನ ಸಂಯಮ ಮಂಡಳಿ ಇದೆ. ಅದೇ ರಾಜ್ಯದಲ್ಲಿ ಮದ್ಯದ ಸಗಟು ವಿತರಣೆ 2003ರಿಂದ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. ಅಬಕಾರಿ ತೆರಿಗೆ ರಾಜ್ಯದ ದೊಡ್ಡ ಆದಾಯಗಳಲ್ಲಿ ಒಂದು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆದರೆ ಆ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಬಂದವು. ಪೂರ್ತಿ ನಿಷೇಧ ಬೇಕು ಅಂತ ರಾಯಚೂರಿನಲ್ಲಿ ಗಟ್ಟಿಯಾಗಿ ಬೆಳೆದ ಮದ್ಯ ನಿಷೇಧ ಆಂದೋಲನದ ಹೆಂಗಸರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋದರು. ಕೂಲಿ ಬಿಟ್ಟು ನಡೆದವರು ಅವರು.

ಜಾಹೀರಾತಿನ ವಿಶ್ಲೇಷಣೆಯಲ್ಲಿ ಇದನ್ನು ಸೇರಿಸುವುದು ಹೇಗೆ? ಜಾಹೀರಾತು ಒಂಟಿಯಾಗಿ ಬಂದಿದೆಯೋ, ಬೇರೆ ಕ್ರಮಗಳ ಜೊತೆ ಬಂದಿದೆಯೋ ಅಂತ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಐದು ಕ್ರಮಗಳನ್ನು ಮುಂದಿಟ್ಟಿತು. ಸುಲಭವಾಗಿ ಸಿಗದಂತೆ ಮಾಡುವುದು, ಕುಡಿದು ಓಡಿಸುವವರ ಮೇಲೆ ಬಿಗಿ ಕ್ರಮ, ತಪಾಸಣೆ ಮತ್ತು ಚಿಕಿತ್ಸೆ ಕೈಗೆ ಸಿಗುವುದು, ಮದ್ಯದ ಪ್ರಚಾರಕ್ಕೆ ತಡೆ, ಬೆಲೆ ಏರಿಕೆ. ಬುದ್ಧಿಮಾತಿನ ಜಾಹೀರಾತು ಈ ಐದರಲ್ಲಿ ಇಲ್ಲ. ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಅಕ್ರಮ ಮಾರಾಟ ನಿಂತಿಲ್ಲ ಅಂದರೆ, ಆ ಅಂಗಡಿಯ ಗೋಡೆ ಮೇಲಿನ ಪೋಸ್ಟರ್ ಎಷ್ಟು ಚೆನ್ನಾಗಿದ್ದರೂ ಕೆಲಸ ಮಾಡುವುದಿಲ್ಲ. ಇದನ್ನು ನಿಮ್ಮ ವಿಶ್ಲೇಷಣೆಯಲ್ಲಿ ಧೈರ್ಯವಾಗಿ ಬರೆಯಿರಿ.

ಅಪ್ಪ ನಾಳೆಯಿಂದ ಪೂರ್ತಿ ಬಿಡ್ತೀನಿ ಅಂತಾರೆ. ಪೋಸ್ಟರ್‌ನಲ್ಲೂ "ಇಂದೇ ಬಿಡಿ" ಅಂತ ಇದೆ. ಒಳ್ಳೇದೇ ಅಲ್ವಾ?

ಅಪ್ಪನ ಮನಸ್ಸು ಒಳ್ಳೆಯದು. ಆದರೆ ಅವರು ವರ್ಷಗಟ್ಟಲೆ ದಿನಾ ಕುಡಿಯುವವರಾದರೆ, ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿದ್ದರೆ, ಮನೆಯಲ್ಲೇ ಒಮ್ಮೆಲೆ ನಿಲ್ಲಿಸುವುದು ಅಪಾಯ. ನಿಲ್ಲಿಸಿದ ಮೊದಲ ದಿನವೇ ನಡುಕ, ಬೆವರು, ನಿದ್ದೆ ಇಲ್ಲದಿರುವುದು ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕು ತಪ್ಪಿ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಇದಕ್ಕೆ ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಕರೆದೊಯ್ಯುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು, ಬಿ1 ವಿಟಮಿನ್ ಕೊಟ್ಟು ಈ ದಿನಗಳನ್ನು ದಾಟಿಸುತ್ತಾರೆ.

ಹಾಗಾಗಿ "ಇಂದೇ ಬಿಡಿ" ಅನ್ನುವ ಪೋಸ್ಟರ್ ಅಪೂರ್ಣ. "ದಿನಾ ಕುಡಿಯುವವರು ಡಾಕ್ಟರ್ ಜೊತೆ ಮಾತಾಡಿ ಬಿಡಿ" ಅನ್ನುವುದು ಸರಿಯಾದ ಮಾತು. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ, ಅಂದರೆ ಜನ ಈಗಲೂ ವಿಮ್ಸ್ ಅನ್ನುವುದು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರರಲ್ಲೂ ಮಾನಸಿಕ ರೋಗ ವಿಭಾಗ ಇದೆ. ಫೋನಿನಲ್ಲೇ ಮಾನಸಿಕ ಆರೋಗ್ಯದ ಸಲಹೆ ಕೊಡುವ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416, ವ್ಯಸನಮುಕ್ತಿ ಸಹಾಯವಾಣಿ 14446.

ನಮ್ಮ ಭಾಗದವರು ತಿಳಿದಿರಬೇಕಾದ ಒಂದು ವಿಷಯ ಇಲ್ಲೇ ಹೇಳುತ್ತೇನೆ. ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ತರುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಶುರು ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಸ್ಥಳೀಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಅದು ಬಳ್ಳಾರಿ ಮಾದರಿ ಅಂತ ಹೆಸರಾಯಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು ಅದರ ಆಧಾರದ ಮೇಲೆ. ನಮ್ಮ ಜಿಲ್ಲೆಯಿಂದ ಹೊರಟ ಸೌಲಭ್ಯದ ಹೆಸರು ನಮ್ಮ ಪೋಸ್ಟರ್‌ಗಳಲ್ಲೇ ಇಲ್ಲದಿರುವುದು ಸರಿಯಲ್ಲ.

ಜಾಹೀರಾತು ಕೆಲಸ ಮಾಡಿತು ಅಂತ ಹೇಗೆ ಗೊತ್ತಾಗುತ್ತೆ? ಪ್ರಾಜೆಕ್ಟ್‌ಗೆ ಬೇಕು.

ಎಷ್ಟು ಜನ ನೋಡಿದರು ಅನ್ನುವುದು ಉತ್ತರ ಅಲ್ಲ. ನೆನಪಿದೆಯಾ ಅನ್ನುವುದೂ ಅಲ್ಲ. ಹಾಡು ನೆನಪಿದ್ದು ಸಂದೇಶ ಮರೆತುಹೋಗುವುದು ಸಾಮಾನ್ಯ. ಮೂರು ಹಂತದಲ್ಲಿ ಕೇಳಿ: ಏನು ಅರ್ಥವಾಯಿತು, ಮನಸ್ಸಿನಲ್ಲಿ ಏನು ಬದಲಾಯಿತು, ನಿಜವಾಗಿ ಏನು ಮಾಡಿದರು. ಜಾಹೀರಾತು ಬರುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಕೇಳಬೇಕು. ಸಾಧ್ಯವಾದರೆ ಜಾಹೀರಾತು ಮುಟ್ಟದ ಇನ್ನೊಂದು ಊರಿನಲ್ಲೂ ಅದನ್ನೇ ಕೇಳಿ, ಇಲ್ಲದಿದ್ದರೆ ಹಬ್ಬ ಮುಗಿದದ್ದಕ್ಕೆ ಕುಡಿತ ಕಡಿಮೆಯಾದರೂ ಜಾಹೀರಾತಿನ ಲೆಕ್ಕಕ್ಕೆ ಹೋಗುತ್ತದೆ.

ಕುಡಿತದ ಪ್ರಮಾಣ ಕೇಳಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ "ಆಡಿಟ್" ಪಟ್ಟಿ ಇದೆ. 8 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದರೆ ಅಪಾಯಕಾರಿ ಕುಡಿತ ಅಂತ ನೋಡುತ್ತಾರೆ. ವಿದ್ಯಾರ್ಥಿಗಳು ಅದನ್ನು ಮನೆ ಮನೆಗೆ ಹೋಗಿ ಕೇಳುವಾಗ ಹೆಸರು ಬರೆದುಕೊಳ್ಳಬೇಡಿ, ಹೆಂಡತಿ ಮಕ್ಕಳ ಎದುರು ಕೇಳಬೇಡಿ.

ನಮ್ಮ ಕಾಲೇಜಿಂದ ನಾವೇ ಒಂದು ಪೋಸ್ಟರ್ ಮಾಡ್ತೀವಿ. ಏನು ಬರೆಯೋಣ?

ಒಂದು ಪೋಸ್ಟರಿಗೆ ಒಂದೇ ಮಾತು. ಯಾರಿಗೆ ಅಂತ ಮೊದಲು ನಿರ್ಧರಿಸಿ. ಟಿಪ್ಪರ್ ಓಡಿಸುವವರಿಗೆ ಬರೆದದ್ದು ಹಾಸ್ಟೆಲ್ ಹುಡುಗರಿಗೆ ಹೊಂದುವುದಿಲ್ಲ. ಬಾಟಲಿ, ಗ್ಲಾಸಿನ ಚಿತ್ರ ಬೇಡ. ಕುಡಿಯುವವನನ್ನು ಹಂದಿ, ನಾಯಿ ಮಾಡಿ ತೋರಿಸಬೇಡಿ, ಅವಮಾನ ಆದವನು ಚಿಕಿತ್ಸೆಗೆ ಬರುವುದಿಲ್ಲ. ನಮ್ಮ ಮಾತಿನಲ್ಲೇ ಬರೆಯಿರಿ.

ಕೊಪ್ಪಳದ ಹುಡುಗಿಯರ ಒಂದು ಗುಂಪು ಮಾದರಿ ಜಾಹೀರಾತನ್ನು ತಿದ್ದಿ ಹೀಗೆ ಮಾಡಿತು: "ಒಂದು ಕ್ವಾರ್ಟರ್ ಅಂದ್ರ ಆರು ಪೆಗ್. ರಾತ್ರಿ ಕುಡದದ್ದು ಮುಂಜಾನೆ ಇಳಿದಿರಲ್ಲ. ಇವತ್ತು ಗಾಡಿ ಹತ್ತಬ್ಯಾಡ್ರಿ. ಬಿಡಬೇಕು ಅನಿಸಿದ್ರ 14416ಕ್ಕ ಫೋನ್ ಮಾಡ್ರಿ." ಅಂಕಿ ಇದೆ, ಮಾಡಬೇಕಾದ ಕೆಲಸ ಇದೆ, ಹೋಗುವ ದಾರಿ ಇದೆ. ನನಗೆ ತುಂಬಾ ಇಷ್ಟವಾಯಿತು.

ಅಂಟಿಸುವ ಮುಂಚೆ ಗಾಡಿ ಸ್ಟ್ಯಾಂಡಿನಲ್ಲಿ ನಾಲ್ಕೈದು ಚಾಲಕರಿಗೆ ತೋರಿಸಿ. ಏನು ಮಾಡಬೇಕು ಅಂತ ಇದರಲ್ಲಿ ಬರೆದಿದೆ ಅಣ್ಣ, ಅಂತ ಕೇಳಿ. ಅವರು ತಮ್ಮ ಮಾತಿನಲ್ಲಿ ಸರಿಯಾಗಿ ಹೇಳಿದರೆ ಅಂಟಿಸಿ. ತಡವರಿಸಿದರೆ ವಾಪಸ್ ತಂದು ಇನ್ನೊಮ್ಮೆ ಬರೆಯಿರಿ. ಓದಲು ಬಾರದವರಿಗೂ ಕೇಳಿ, ಚಿತ್ರ ನೋಡಿ ಅವರು ಏನು ಹೇಳುತ್ತಾರೋ ಅದನ್ನೂ ಬರೆದುಕೊಳ್ಳಿ.